ನನ್ನ ಗುಟ್ಟೂ ನಮ್ಮ ಓಣಿಯೂ

ಗುಟ್ಟು ಕಾಯುವುದೇ ಕಸುಬಾದವನು ದಾವಣಗೆರೆಯಲ್ಲಿ ಮನೆ ಮಾಡಬಾರದು. ನಾನು ಮಾಡಿದೆ. ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಹಿರಿಯ ಅಧಿಕಾರಿಯಾಗಿದ್ದೆ. ಕೆಲಸ ಮುಂಬೈಯಲ್ಲಿ, ಹೆಂಡತಿ-ಮಗಳು ಸರಸ್ವತಿ ನಗರದಲ್ಲಿ. ರಜೆಗೆ ಬಂದಾಗಲೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಹರಿಹರ ಸ್ಟೇಷನ್

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಮಾವನವರ ಊರಾದ ಹರಿಹರದಲ್ಲಿ ರೈಲಿಳಿದೆ. ಕರೆದೊಯ್ಯಲು ಬಂದಿದ್ದ ಮಾವನವರು ಹತ್ತಿ ವ್ಯಾಪಾರಿ. ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ, ಪ್ಲಾಟ್‌ಫಾರ್ಮಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಇವ್ರು ನಮ್ಮ ಅಳಿಯಾರು. ಗುಪ್ತಚರ ಇಲಾಖ್ಯಾಗೆ ಅದಾರೆ. ಯಾರಿಗೂ ಹೇಳಬ್ಯಾಡ್ರಿ ಮತ್ತೆ!" ಎಂದರು.

"ಮಾವಾರೆ, ಹಂಗೆಲ್ಲ ಹೇಳಬಾರದ್ರಿ," ಎಂದೆ.

"ಅದನ್ನೇ ನಾನೂ ಅವ್ರಿಗೆ ಹೇಳಿದ್ನಲ್ರಿ!"

ಕಿರಾಣಿ ಅಂಗಡಿ

ಮರುದಿನ ಓಣಿಯ ಕಿರಾಣಿ ಅಂಗಡಿಗೆ ಹೋದೆ. ಸಾಹುಕಾರರು ಗಿರಾಕಿಗಳನ್ನು ಬಿಟ್ಟು ನನ್ನನ್ನು ಪಕ್ಕಕ್ಕೆ ಕರೆದರು. "ಎದುರಿಗೆ ಹೊಸ ಅಂಗಡಿ ಹಾಕ್ಯಾನಲ್ರಿ, ಅವ ಬೆಲ್ಲ ಎಲ್ಲಿಂದ ತರಿಸ್ತಾನೆ? ಸ್ವಲ್ಪ ಪತ್ತೆ ಹಚ್ರಿ."

"ನಂದೇನಿದ್ರೂ ಸಮುದ್ರದ ಕಡೆ ಕೆಲಸ ಸಾಹುಕಾರ್ರೇ," ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಹಂಗಾದ್ರೆ ಉಪ್ಪು ಎಲ್ಲಿಂದ ತರಿಸ್ತಾನೆ, ಅದನ್ನಾದ್ರೂ ಹೇಳ್ರಿ."

ವಿಚಾರಿಸಲು ಬಂದವರು

ಹೊರಗೆ ನಗುತ್ತಿದ್ದೆನಾದರೂ ಒಳಗೆ ಪುಕುಪುಕು. ದೆಹಲಿಯಲ್ಲಿ ನಮ್ಮ ವಿಭಾಗದ ದೊಡ್ಡ ಹುದ್ದೆಯೊಂದಕ್ಕೆ ನನ್ನ ಹೆಸರು ಹೋಗಿತ್ತು. ಅದನ್ನು ಕೊಡುವ ಮುಂಚೆ ಸಾದಾ ಬಟ್ಟೆಯ ಅಧಿಕಾರಿಯೊಬ್ಬರು ಮನೆಯ ಸುತ್ತಮುತ್ತ ಗುಟ್ಟಾಗಿ ವಿಚಾರಿಸುತ್ತಾರೆ. ನನ್ನ ಕೆಲಸ ಏನೆಂಬುದು ಊರಿಗೆಲ್ಲ ಗೊತ್ತು ಎಂದು ತಿಳಿದರೆ ಹುದ್ದೆ ಕೈತಪ್ಪಿದಂತೆಯೇ. ನಮ್ಮ ಓಣಿಯಲ್ಲಿ ಅದು ಗೊತ್ತಿಲ್ಲದ್ದು ಬೀದಿನಾಯಿಗಳಿಗೆ ಮಾತ್ರ! ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತಲ್ಲ ಎಂದು ಸಂಕಟಪಡುತ್ತ ಮುಂಬೈಗೆ ಮರಳಿದೆ.

ಅಧಿಕಾರಿ ಬಂದೇ ಬಂದರು. "ಈ ಮನೆಯವರು ಹೇಗೆ? ಕುಡಿತ, ಜಗಳ ಏನಾದರೂ?" ಎಂದು ಮನೆಮನೆಗೂ ಹೋಗಿ ಕೇಳಿದರು. ಅಪರಿಚಿತರು ಹೀಗೆ ಕೇಳುತ್ತ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಗಂಡಿನ ಕಡೆಯವರು ಮನೆತನ ವಿಚಾರಿಸುತ್ತಿದ್ದಾರೆ. ನನ್ನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಹುಡುಗಿಯ ಅಪ್ಪ ಗುಪ್ತಚರ ಎಂದರೆ ಯಾರು ತಾನೇ ಸಂಬಂಧ ಬೆಳೆಸುತ್ತಾರೆ? ಇಡೀ ಓಣಿ ತುಟಿ ಹೊಲಿದುಕೊಂಡಿತು.

"ಹಡಗಿನಾಗೆ ಉಗ್ರಾಣ ನೋಡ್ಕೊಂತಾರ್ರಿ. ಭಾಳ ಸಂಭಾವಿತ್ರು," ಎಂದರು ಸಾಹುಕಾರರು. ಹರಿಹರದಲ್ಲಿ ಮಾವನವರು, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿ, "ಹಡಗಿನ ಅಡಿಗಿ ಉಸ್ತುವಾರಿ ನಮ್ಮ ಅಳಿಯಾರದೇ," ಎಂದರಂತೆ. ಕಸುಬಿನಲ್ಲಿ ತಲೆ ನರೆತವರೂ ಇಷ್ಟು ನಯವಾಗಿ ಸುಳ್ಳು ಹೇಳಲಾರರು.

ದೊಡ್ಡಮ್ಮನ ತೀರ್ಪು

ಹುದ್ದೆ ನನಗೇ ಬಂತು! ಮೇಲಧಿಕಾರಿಗಳು ಕೈಕುಲುಕಿ, "ನಿಮ್ಮ ಊರಲ್ಲಿ ಒಬ್ಬರಿಗೂ ನಿಮ್ಮ ಕೆಲಸ ಗೊತ್ತಿಲ್ಲವಂತೆ. ಗುಟ್ಟು ಕಾದರೆ ಹೀಗೆ ಕಾಯಬೇಕು," ಎಂದರು. ಎದೆಯುಬ್ಬಿಸಿ ನಿಂತೆ. ಆ ದಿನ ನನ್ನ ಓಣಿಯ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಪೇಢೆ ಹಿಡಿದು ಊರಿಗೆ ಬಂದು, ಎಲ್ಲರೂ ದೊಡ್ಡಮ್ಮ ಎನ್ನುವ ಪಕ್ಕದ ಮನೆಯ ಹಿರಿಯರಿಗೆ ಮೊದಲು ಕೊಟ್ಟೆ. ಅವರು ಮುಖ ಗಂಟು ಹಾಕಿಕೊಂಡರು.

"ಪೇಢೆ ಇರಲಿ ತಮ್ಮಾ, ಆ ಸಂಬಂಧ ಬ್ಯಾಡ."

"ಯಾಕ ದೊಡ್ಡಮ್ಮ?"

"ಮನೆತನ ಕೇಳಾಕೆ ಬಂದಿದ್ನಲ್ಲ, ಅವನ್ನ ಬರ್ರಿ, ಕೂಡ್ರಿ ಅಂತ ಒಳಗೆ ಕರ್ದು ಮಂಡಕ್ಕಿ-ಮಿರ್ಚಿ ಕೊಟ್ಟೆ. ಸಂಬಳ ಎಷ್ಟು, ಆಫೀಸು ಎಲ್ಲೈತಿ ಅಂತ ಸುಮ್ನೆ ಕೇಳ್ದೆ. ಎರಡನೇ ಮಿರ್ಚಿ ತಿನ್ನೋದ್ರಾಗೆ ತಾನು ಗುಪ್ತಚರ ಇಲಾಖೆಯವ, ನಾಳೆ ಯಾವ ಊರಿಗೆ ಹೋಗ್ತೀನಿ, ಯಾರನ್ನ ಹಿಡೀತೀನಿ, ಎಲ್ಲಾ ಹೇಳಿಬಿಟ್ಟ! ಅಂಥ ಬಾಯಿಬಡುಕನ ಮನೆಗೆ ನಮ್ಮ ಹುಡುಗೀನ ಹೆಂಗೆ ಕೊಡೋದು?"