ತೆರೆಯಲೊಲ್ಲದ ಟರ್ಮಿನಲ್

ಅತ್ತೆ: ಇನ್ನೂ ಬರಲಿಲ್ವೇನೆ ಅದು? ನಾನು ಆಗಲೇ ಒಂದು ಬಾಣಲೆ ಬೊರ್ಸೋಕ್ ಕರಿದು ಇಳಿಸಿದ್ದಾಯ್ತು.

ಉಮ್ಸುನೈ: ಬರ್ತಾ ಇದೆ ಅತ್ತೆ. ಈಗ ಬಂದುಬಿಡತ್ತೆ.

ಅತ್ತೆ: ವಾರದಿಂದ ಇದೇ ಹಾಡು. ಆ ಕರೀ ಚೌಕ ತೆರೆಯೋ ಹೊತ್ತಿಗೆ ಕುರಿ ಈದು ಮರಿ ಎದ್ದು ಓಡಾಡ್ತಿರತ್ತೆ. ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನು.

ಉಮ್ಸುನೈ: ಕೆಲಸ ನಂಗೆ ಬರತ್ತೆ. ಅದೇ ನಿಧಾನ ಮಾಡ್ತಿದೆ.

ಅತ್ತೆ: ಹೂಂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕರೀ ಚೌಕವೆಂದರೆ ಟರ್ಮಿನಲ್. ಅದರಲ್ಲಿ ಅಪ್ಪಣೆ ಟೈಪ್ ಮಾಡಿದರೆ ಕಂಪ್ಯೂಟರು ಕೆಲಸ ಮಾಡುತ್ತದೆ. ಆ ಚೌಕವೇ ತೆರೆಯದಿದ್ದರೆ ಅಪ್ಪಣೆ ಕೊಡುವುದೆಲ್ಲಿಂದ? ಇವತ್ತು ಮೂರು ಗಂಟೆಗೆ ರಾಜಧಾನಿ ಬಿಷ್ಕೆಕ್‌ನ ಬಸ್ ಕಂಪನಿಯವರು ಅಲ್ಲಿಂದಲೇ ಉಮ್ಸುನೈಯ ಕಂಪ್ಯೂಟರ್ ಕೆಲಸ ನೋಡುವವರಿದ್ದರು. ಮೆಚ್ಚಿದರೆ ಕಾಯಂ ನೌಕರಿ, ಕರಾಕೊಲ್‌ನ ಈ ಮನೆಯಲ್ಲೇ ಕೂತು. ಮೆಚ್ಚದಿದ್ದರೆ ಕಂಪ್ಯೂಟರು ನಾದಿನಿಯ ಮನೆಗೆ, ಉಮ್ಸುನೈ ಅತ್ತೆಯ ಜೊತೆ ಕಂಬಳಿ ಹೊಲಿಯುವುದಕ್ಕೆ. ಹೀಗೆಂದು ಅತ್ತೆ ತೀರ್ಪು ಕೊಟ್ಟಾಗಿತ್ತು. ಗಂಡ ಎರ್ಮೆಕ್ ಲಾರಿ ತೆಗೆದುಕೊಂಡು ನಾರಿನ್ ಕಡೆ ಹೋಗಿದ್ದ. ಇದ್ದಿದ್ದರೂ ಅಮ್ಮನೆದುರು ಅವನ ಬಾಯಿ ಟರ್ಮಿನಲ್ಲಿಗಿಂತ ನಿಧಾನ.

ಅತ್ತೆ ಬಾಂಡ್ಲಿಯಲ್ಲಿ ಕೆಂಡ ಹಾಕಿ, ಅರ್ಚಾ ಸೊಪ್ಪು ಉದುರಿಸಿ, ಕಂಪ್ಯೂಟರಿನ ಸುತ್ತ ಹೊಗೆ ಹಿಡಿದರು.

ಉಮ್ಸುನೈ: (ಕೆಮ್ಮುತ್ತ) ಅತ್ತೆ, ಇದಕ್ಕೆ ಕಣ್ಣು ಬಿದ್ದಿಲ್ಲ...

ಅತ್ತೆ: ನಿನ್ನ ಕಣ್ಣೇ ಬಿದ್ದಿರೋದು. ಹಗಲೂ ರಾತ್ರಿ ಅದನ್ನೇ ನೋಡ್ತೀಯಲ್ಲ.

ಹೊಗೆಯನ್ನು ಸೀಳಿಕೊಂಡು ಮಾವ ಬಂದರು. ತಲೆಯ ಮೇಲೆ ಬಿಳೀ ಕಲ್ಪಾಕ್ ಟೋಪಿ, ಕೈಯಲ್ಲಿ ಬಿಸಿ ಬೊರ್ಸೋಕ್. ನಿವೃತ್ತ ಶಾಲಾ ಇನ್‌ಸ್ಪೆಕ್ಟರು. ಗೊತ್ತಿಲ್ಲದ ವಿಷಯ ಬಂದಷ್ಟೂ ಅವರ ದನಿ ಗಟ್ಟಿಯಾಗುತ್ತಿತ್ತು. ಸೊಸೆಯಾದವಳು ಮಾವನ ಹೆಸರೆತ್ತಬಾರದೆಂಬುದು ಅಲ್ಲಿನ ಪದ್ಧತಿ, ಹಾಗಾಗಿ ಅವರ ಹೆಸರನ್ನು ಉಮ್ಸುನೈ ಹೇಳುವಂತಿಲ್ಲ. ಆಕೆ ಹೇಳದ್ದನ್ನು ನಾವು ಹೇಳಿ ಆ ಮನೆಯಲ್ಲಿ ಜಗಳ ಹಚ್ಚುವುದೂ ಬೇಡ.

ಮಾವ: ಇದು ಲಿನಕ್ಸ್ ಅಲ್ವೇನಮ್ಮ? ಪುಕ್ಕಟೆ ಸಿಗತ್ತೆ ಅಂತ ನೀನೇ ಅಂದಿದ್ದೆ. ಪುಕ್ಕಟೆ ಬಂದದ್ದು ಹೀಗೇ ತೆವಳೋದು.

ಉಮ್ಸುನೈ: ಹೋದವಾರದವರೆಗೂ ಓಡ್ತಿತ್ತು ಮಾವ.

ಮಾವ: ಆರಿಸಿ ಹಾಕು.

ಉಮ್ಸುನೈ: ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದೀನಿ.

ಮಾವ: ಧೂಳು ಒರೆಸು.

ಉಮ್ಸುನೈ: ಒರೆಸಿದೆ. ಮೆಮೊರಿ ಬೇಕಾದಷ್ಟು ಖಾಲಿ ಇದೆ, ಡಿಸ್ಕ್ ಗಟ್ಟಿಮುಟ್ಟಾಗಿದೆ. ಚೌಕ ತೆರೆಯೋವಾಗ ಓದೋ ಫೈಲನ್ನೂ ಬದಿಗಿಟ್ಟು ನೋಡಿದೆ.

ಮಾವ: ಹಾಗಾದ್ರೆ ಸೋಮಾರಿ. ನನ್ನ ಕೈಕೆಳಗೆ ಇಂಥ ಮೇಷ್ಟ್ರುಗಳು ಬಹಳ ಜನ ಇದ್ರು. ಗದರಿಸಿ ಅಪ್ಪಣೆ ಕೊಡು!

ಅಷ್ಟರಲ್ಲಿ ಚೌಕ ತೆರೆದುಕೊಂಡಿತು. ಉಮ್ಸುನೈ ಯಜಮಾನಿಕೆಯ ಅಪ್ಪಣೆಯನ್ನೇ ಕೊಟ್ಟಳು. ಕಂಪ್ಯೂಟರು ಒಂದಷ್ಟು ಹೊತ್ತು ಧ್ಯಾನ ಮಾಡಿ ಒಂದು ಸಾಲು ಗೊಣಗಿತು. ಅವಳು ಅದನ್ನು ಎರಡು ಸಲ ಓದಿದಳು.

ಮಾವ: ಏನಂತೆ?

ಉಮ್ಸುನೈ: ಹೆಸರು ಸಿಕ್ತಿಲ್ಲ ಅಂತಿದೆ ಮಾವ.

ಮಾವ: ಯಾರ ಹೆಸರು?

ಉಮ್ಸುನೈ: ತನ್ನದೇ. ಚೌಕ ತೆರೆಯೋವಾಗೆಲ್ಲ ತಾನು ಯಾರು ಅಂತ ಮನೆಯೊಳಗೆ ಹುಡುಕತ್ತೆ. ಸಿಗದೆ ಊರೆಲ್ಲ ವಿಚಾರಿಸತ್ತೆ. ಯಾರೂ ಹೇಳಲ್ಲ, ಕಾದು ಕಾದು ವಾಪಸ್ ಬರತ್ತೆ. ಅದಕ್ಕೇ ನಿಧಾನ.

ಮಾವ: ಹೇಳ್ಕೊಡು ಮತ್ತೆ!

ಉಮ್ಸುನೈ: ನಾನು ಹೇಳೋ ಹಾಗಿಲ್ಲ.

ಮಾವ: ಯಾಕೆ, ಬೈಗುಳವಾ?

ಉಮ್ಸುನೈ: ಅಯ್ಯೋ, ಬಿಡ್ತು ಅನ್ನಿ! ಗೌರವದ ಹೆಸರು.

ಮಾವ: ಯಾರಾದ್ರೂ ಸಂತರದ್ದೇನು?

ಉಮ್ಸುನೈ: ಅಷ್ಟೇನಿಲ್ಲ ಮಾವ. ಕಲ್ಪಾಕ್ ಹಾಕ್ಕೊಂಡಿದಾರೆ... ಬೊರ್ಸೋಕ್ ತಿಂತಿದಾರೆ...

ಮಾವ ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಬಾಯಲ್ಲಿದ್ದ ಬೊರ್ಸೋಕ್ ಅಲ್ಲೇ ನಿಂತಿತು.

ಮಾವ: ನಾನಾ? ಸರಿಯಪ್ಪ, ನಾನು ಕೊಡಿಸಿದ್ದು, ನನ್ನ ಹೆಸರೇ ಇಟ್ಟಿದ್ದೆ. ಅದು ಎಲ್ಲಿಗೆ ಹೋಯ್ತು?

ಉಮ್ಸುನೈ ಅತ್ತೆಯ ಮುಖ ನೋಡಿದಳು. ಅತ್ತೆ ಬಾಂಡ್ಲಿಯ ಕೆಂಡ ನೋಡಿದರು.

ಅತ್ತೆ: ನಾನೇ ತೆಗೆಸಿದೆ. ಏನೀಗ? ಸೊಸೆ ಏನು ಒತ್ತಿದ್ರೂ ಸಾಲುಸಾಲಿಗೂ ನಿಮ್ಮ ಹೆಸರು ಎದ್ದು ಬರ್ತಿತ್ತು. ಅದನ್ನವಳು ಕಣ್ಣಲ್ಲಿ ಓದೋದು, ಕೈಯಲ್ಲಿ ಬರೆಯೋದು. ಅಂದ್ರೂ ಒಂದೇ, ಬರೆದ್ರೂ ಒಂದೇ! ನಾನು ನಾಲ್ಕು ಮಕ್ಕಳ್ನ ಹೆತ್ತೆ, ಒಂದೇ ಒಂದು ದಿನ ನಿಮ್ಮ ಹೆಸರನ್ನ ಬಾಯಲ್ಲಿ ತಂದಿದೀನೇನ್ರೀ?

ಮಾವ: ಮತ್ತೆ ಈಗ ಏನಂತ ಕರೀತೀರಿ ಇದನ್ನ?

ಉಮ್ಸುನೈ: 'ಮನೆಯ ಹಿರಿಯರು' ಅಂತ. ಆದ್ರೆ ಹೆಸರು ಎರಡು ಕಡೆ ಇರತ್ತೆ ಮಾವ. ಒಂದು ಕಡೆ ಬದಲಾಯಿಸಿದೆ. ಇನ್ನೊಂದು ಕಡೆ ನಿಮ್ಮದನ್ನ ಅಳಿಸಬೇಕಿತ್ತು. ಬದುಕಿರೋರ ಹೆಸರು ಅಳಿಸೋಕೆ ಕೈ ಬರಲಿಲ್ಲ.

ಅಳಿಸುವ ಮಾತು ಕೇಳಿ ಅತ್ತೆಯೂ "ತೊಬಾ, ತೊಬಾ" ಎಂದು ಕೆನ್ನೆ ಮುಟ್ಟಿಕೊಂಡರು.

ಮಾವ: ಮನೆಯ ಹಿರಿಯರಂತೆ! ಈ ಬೀದೀಲಿ ಮನೆಗೊಬ್ಬ ಹಿರಿಯ ಇದಾನೆ. ಪಾಪ, ಅದು ತಾನೇ ಯಾರನ್ನ ಅಂತ ಹುಡುಕತ್ತೆ? ನನ್ನ ಹೆಸರೇ ಹಾಕು.

ಅತ್ತೆ: ಅವಳು ಹಾಕಕೂಡದು!

ಮಾವ: ನಾನೇ ಹಾಕ್ತೀನಿ, ಪಕ್ಕಕ್ಕೆ ಸರೀರಿ.

ಮಾವ ಕುರ್ಚಿ ಹಿಡಿದರು. ತೋರುಬೆರಳೊಂದನ್ನೇ ಎತ್ತಿ, ಕೀಲಿಮಣೆಯ ಮೇಲೆ ಹದ್ದಿನ ಹಾಗೆ ಸುತ್ತಿಸಿ, ಒಂದೊಂದೇ ಅಕ್ಷರದ ಮೇಲೆ ಎರಗತೊಡಗಿದರು. ಮೂರು ಗಂಟೆ ಹತ್ತಿರ ಬರುತ್ತಿತ್ತು. ಉಮ್ಸುನೈಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಅವಸ್ಥೆ. ಕೊನೆಯ ಅಕ್ಷರ ಬಿದ್ದದ್ದೇ ಅವಳು ಕಂಪ್ಯೂಟರನ್ನು ಆರಿಸಿ ಹಾಕಿ ಹೊಸ ಚೌಕ ಕರೆದಳು. ಒತ್ತಿದ ಬೆರಳು ಮೇಲೇಳುವ ಮೊದಲೇ ಅದು ಬಂದು ನಿಂತಿತ್ತು. ಮತ್ತೊಂದು ಕರೆದಳು, ಮಗದೊಂದು ಕರೆದಳು. ಖುಷಿಗೆ ಅವಳ ಕಣ್ಣಲ್ಲಿ ನೀರು ಬಂತು, ಸ್ವಲ್ಪ ಅರ್ಚಾ ಹೊಗೆಗೂ ಇರಬಹುದು.

ಮಾವ: ನೋಡಿದ್ಯಾ? ಈ ದೇಶದಲ್ಲಿ ಯಾವ ಕಚೇರೀಲಿ ತಾನೇ ಮಾವನ ಹೆಸರಿಲ್ಲದೆ ಬೇಗ ಕೆಲಸ ಆಗತ್ತೆ!

ಹೀಗೆಂದು, ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸಲು ಅವರು ಅಂಗಳಕ್ಕೆ ಇಳಿದರು. ಅದೇ ಹೊತ್ತಿಗೆ ಫೋನು ಬಂತು. ಬಸ್ ಕಂಪನಿಯವನಿಗೆ ನಮಸ್ಕಾರಕ್ಕೂ ಪುರುಸೊತ್ತಿರಲಿಲ್ಲ.

ಕಂಪನಿಯವನು: ಇಲ್ಲಿ ನನ್ನ ಪರದೆ ಮೇಲೆ ನಾಲ್ಕೈದು ಜನರ ಕಂಪ್ಯೂಟರ್ ಕಾಣ್ತಿವೆ. ನಿಮ್ಮದರ ಹೆಸರೇನು?

ಉಮ್ಸುನೈ ಬಾಯಿ ತೆರೆದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಾಯಿ ಮುಚ್ಚಿದಳು.

ಕಂಪನಿಯವನು: ಹಲೋ? ಹೆಸರು?

ಉಮ್ಸುನೈ: ಅದು... ಸ್ವಲ್ಪ ದೊಡ್ಡವರ ಹೆಸರು.

ಕಂಪನಿಯವನು: ಏನ್ರೀ, ಸ್ವಂತ ಕಂಪ್ಯೂಟರ್ ಹೆಸರು ಗೊತ್ತಿಲ್ದೆ ನಮ್ಮ ಬಸ್ ಓಡಿಸ್ತೀರಾ? ಆಯ್ತು ಬಿಡಿ, ಮುಂದಿನವರನ್ನ ನೋಡ್ತೀನಿ.

ಉಮ್ಸುನೈ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇಷ್ಟು ತಿಂಗಳು ಕಲಿತದ್ದೆಲ್ಲ ಒಂದು ಹೆಸರಿನ ಮುಂದೆ ಮಣ್ಣುಪಾಲಾಗುತ್ತಿತ್ತು, ಆದರೂ ನಾಲಿಗೆ ಹೊರಳಲಿಲ್ಲ. ಅತ್ತೆ ಅವಳ ಮುಖ ನೋಡಿದರು. ಬಾಂಡ್ಲಿ ಕೆಳಗಿಟ್ಟರು. ತಲೆವಸ್ತ್ರ ಬಿಗಿಮಾಡಿಕೊಂಡು, ಬಂದು ಫೋನು ಕಿತ್ತುಕೊಂಡು, ಬಿಷ್ಕೆಕ್‌ಗೆ ಫೋನಿಲ್ಲದೆಯೂ ಕೇಳಿಸುವಂತೆ ಕೂಗಿದರು.

ಅತ್ತೆ: ಕಲ್ಮುರ್ಜಾ!

ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಅಂಗಳದಿಂದ ಧಡಧಡನೆ ಸದ್ದಾಯಿತು. ಒಂದೇ ಕಾಲಿಗೆ ಬೂಟು, ಟೋಪಿ ಅಡ್ಡಡ್ಡ, ಮುಖ ಮದುವೆ ಗಂಡಿನಷ್ಟು ಕೆಂಪು. ಮಾವ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

ಮಾವ: ಬಂದೆ, ಬಂದೆ! ಕರೆದ್ಯಾ?

ಫೋನಿನಲ್ಲಿ ಕಂಪನಿಯವನು "ಹಾಂ, ಸಿಕ್ತು ಸಿಕ್ತು, ಶುರು ಮಾಡಿ" ಎನ್ನುತ್ತಿದ್ದ. ಅತ್ತೆ ಫೋನನ್ನು ಸೊಸೆಯ ಕೈಗಿಟ್ಟು, ಗಂಡನ ಕಡೆ ತಿರುಗಿಯೂ ನೋಡದೆ ಒಲೆಯತ್ತ ನಡೆದರು.

ಅತ್ತೆ: ನಿಮ್ಮನ್ನ ಯಾರ್ರೀ ಕರೆದ್ರು? ನಾನು ಕಂಪ್ಯೂಟರನ್ನ ಕರೆದದ್ದು.