ಡೀನ್ ಬಾಗಿಲಲ್ಲಿ ಐರಿಷ್ ಉಪವಾಸ

ಇಂಥದ್ದೆಲ್ಲ ನನಗೇ ಯಾಕೆ ಆಗ್ತದೋ ಗೊತ್ತಿಲ್ಲ ಮಾರಾಯ್ರೆ. ಆದ್ರೆ ಈ ಸಲ ಒಂದಕ್ಷರ ಸುಳ್ಳಿಲ್ಲ, ಮನೆದೈವದ ಆಣೆ!

"ದೈವವನ್ನು ಎಳೀಬೇಡಿ," ಅಂದಳು ಪಕ್ಕದಲ್ಲಿ ತೆಂಗಿನಕಾಯಿ ತುರೀತಿದ್ದ ಹೆಂಡತಿ.

ಸರಿ, ನನ್ನ ಕನ್ನಡಕದ ಆಣೆ. ಉಡುಪಿ ಕಡೆಯ ನಾನು ಮಸ್ಕತ್ತಿನ ಒಂದು ಕಾಲೇಜಲ್ಲಿ ಕಲಿಸಿದ್ದು ಸಾವಿರ ವರ್ಷ ಹಿಂದಿನ ಐರ್ಲೆಂಡಿನ ಚರಿತ್ರೆ. ನಗಬೇಡಿ, ಸಂಬಳ ಬರ್ತಿತ್ತು.

ಎಂತ ಕೆಲಸ?

ಮಸ್ಕತ್ತಿನ ರೂವಿ ಪೇಟೆಯಲ್ಲಿ ನಮ್ಮ ಊರಿನವರೊಬ್ಬರು ಸಿಕ್ಕಿ, "ಎಂತ ಕೆಲಸ ನಿಮಗೆ?" ಅಂದ್ರು. ಹೇಳಿದೆ. ಅವರ ಮುಖ ಸಪ್ಪೆಯಾಯ್ತು.

"ಬೇಜಾರು ಮಾಡ್ಬೇಡಿ ಮಾಷ್ಟ್ರೇ. ಇಲ್ಲೇ ಹತ್ರ ವಾದಿ ಅದಾಯ್ ಅನ್ನುವಲ್ಲಿ ನನ್ನ ಭಾವನ ಟಯರ್ ಅಂಗಡಿ ಉಂಟು. ಒಂದು ಮಾತು ಹೇಳಿ ನೋಡ್ತೇನೆ."

ಆಮೇಲೆ ನನ್ನ ಹೆಂಡತಿಯನ್ನು ಬದಿಗೆ ಕರೆದು ಮೆಲ್ಲ ಕೇಳಿದ್ರು, "ಅಕ್ಕ, ಇವರು ನಿಜವಾಗಿ ಎಂತ ಮಾಡೂದು?"

"ನನಗೂ ಇದನ್ನೇ ಹೇಳಿ ಮದುವೆಯಾದದ್ದು," ಅಂದಳು ಇವಳು.

ದನ ಕದಿಯುವ ರಾಜ

ಆ ಕಾಲದ ಐರ್ಲೆಂಡಲ್ಲಿ ಹೊಸ ರಾಜ ಪಟ್ಟಕ್ಕೇರಿದ ಕೂಡ್ಲೇ ನೆರೆರಾಜ್ಯದ ದನ ಹೊಡ್ಕೊಂಡು ಬರಬೇಕು. ಅದೇ ಅವನ ಮರ್ಯಾದೆ. ಹೀಗೆ ಕ್ಲಾಸಲ್ಲಿ ಹೇಳ್ತಿದ್ರೆ ಒಬ್ಬ ಒಮಾನಿ ಹುಡುಗ ಎದ್ದ.

"ಡಾಕ್ಟರ್, ಅವರ ಹತ್ರ ಒಂಟೆ ಇರ್ಲಿಲ್ವಾ?"

"ಇಲ್ಲಪ್ಪ."

"ಒಂದೂ?"

"ಒಂದೂ ಇಲ್ಲ."

"ಮತ್ತೆಂಥ ರಾಜ!"

ಮರುದಿನ ಅವನು ಪಿಕಪ್‌ನಲ್ಲಿ ಮನೆಯ ಒಂಟೆಯನ್ನೇ ತಂದು ಕ್ಲಾಸಿನ ಕಿಟಕಿಗೆ ಕಟ್ಟಿದ. ನನ್ನ ಪಾಠವನ್ನು ಕೊನೇವರೆಗೆ ನಿದ್ದೆ ಮಾಡದೆ ಕೇಳಿದ್ದು ಅದೊಂದೇ!

"ಹೋದ ಸಲ ಹೇಳುವಾಗ ಆಡು ಇತ್ತು," ಅಂದಳು ಹೆಂಡತಿ.

ಆಡು ಬೆಳೀಬಾರ್ದಾ?

ಬಾಗಿಲಲ್ಲಿ ಕೂತದ್ದು

ಬರಬರುತ್ತ ಮಕ್ಕಳು ಕಡಿಮೆಯಾದ್ರು. ಒಂದು ದಿನ ಡೀನ್ ಕರೆದು, "ಡಾಕ್ಟರ್, ಈ ಟರ್ಮಿಗೆ ನಿಮ್ಮ ಪೇಪರ್ ಖಲಾಸ್," ಅಂದ್ರು. ಅದು ಹೋದ್ರೆ ನನಗೆ ಟಯರ್ ಅಂಗಡಿಯೇ ಗತಿ.

ಆಗ ನೆನಪಾಯ್ತು ಹಳೇ ಐರಿಷ್ ಕಾನೂನು. ದೊಡ್ಡವನು ಅನ್ಯಾಯ ಮಾಡಿದ್ರೆ ಅವನ ಬಾಗಿಲಲ್ಲಿ ಉಪವಾಸ ಕೂರಬೇಕು. ನೀವು ಹಸಿದಿರುವಾಗ ಅವನು ತಿಂದ್ರೆ ಮಾನ ಹೋಯ್ತು, ಸೋತ!

ಮರುದಿನ ಬೆಳಿಗ್ಗೆಯೇ ಡೀನ್ ಬಾಗಿಲಿಗೆ ಕುರ್ಚಿ ಹಾಕಿ ಕೂತೆ. ನನ್ನ ಗ್ರಹಚಾರ, ರಂಜಾನ್ ತಿಂಗಳು. ಇಡೀ ಕಾಲೇಜೇ ಉಪವಾಸ! ನನ್ನದು ಯಾರ ಕಣ್ಣಿಗೆ ಬೀಳ್ಬೇಕು? ಹೋಗುವವರು ಬರುವವರು ಸಲಾಂ ಹೇಳಿದ್ರು, ಅಷ್ಟೇ.

ಸಂಜೆ ಕಾಲೇಜಲ್ಲೇ ಇಫ್ತಾರ್. ಮಸೀದಿಯಲ್ಲಿ ಬಾಂಗ್ ಆಯ್ತು. ಡೀನ್ ಖರ್ಜೂರದ ತಟ್ಟೆ ಹಿಡ್ಕೊಂಡು ಹೊರಗೆ ಬಂದ್ರು, ಒಂದನ್ನು ಬಾಯಿಗೆ ಹಾಕಿ ತಟ್ಟೆ ನನ್ನ ಮುಂದೆ ಹಿಡಿದ್ರು. ನಾನು ಮುಟ್ಟುವ ಮೊದಲೇ ತಿಂದ್ರು! ಐರಿಷ್ ಕಾನೂನಲ್ಲಿ ಅವರು ಸೋತ ಹಾಗೆ. ಬಾಯಿ ತೆರೆದು ಹೇಳುವಷ್ಟರಲ್ಲಿ ಅವರೇ ನನ್ನ ಕೈ ಹಿಡ್ಕೊಂಡ್ರು.

"ದಿನವಿಡೀ ನಮ್ಮ ಜೊತೆ ಉಪವಾಸ ಕೂತ್ರಲ್ಲ ಡಾಕ್ಟರ್! ಇಂಥವರ ಪೇಪರ್ ಹೇಗೆ ನಿಲ್ಲಿಸ್ಲಿ? ಇರ್ಲಿ, ನಡೆಸಿ."

ಪೇಪರ್ ಉಳೀತು! ಬೆಳಗ್ಗಿಂದ ಒಂದು ಹನಿ ನೀರೂ ಮುಟ್ಟಿರ್ಲಿಲ್ಲ ನಾನು, ನೋಡಿ.

ತುರಿಮಣೆಯ ಸದ್ದು ನಿಂತಿತು.

"ಅವತ್ತು ನಾನು ಬ್ಯಾಗಲ್ಲಿಟ್ಟ ನೀರುದೋಸೆ ಡಬ್ಬಿ ಖಾಲಿ ಬಂದಿತ್ತಲ್ಲ?"

"ಅದು... ಕಾಲೇಜಿನ ಬೆಕ್ಕು ತಿಂತು."

"ತಿಂದು ಡಬ್ಬಿ ತೊಳೆದೂ ಇಟ್ಟಿತಾ?"