ಸುಮ್ಮನಿರಿ ಎನ್ನಲು ಐವತ್ತು ರೂಪಾಯಿ

ಸಸಿಗೆ ಬೆಲೆ ಹೇಳುವಾಗ ನನ್ನ ನಾಲಿಗೆ ಎಂದೂ ತಡವರಿಸಿದ್ದಿಲ್ಲ. ನಿಂಬೆ ಇಷ್ಟು, ಕರಿಬೇವು ಇಷ್ಟು, ಕಸಿ ಮಾವು ಇಷ್ಟು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಹೇಳಿದ್ದೂ ಉಂಟೆಂದು ನಮ್ಮ ಯಜಮಾನರು ಆಣೆ ಮಾಡುತ್ತಾರೆ. ಆದರೆ ಮಾತಿಗೆ ಬೆಲೆ ಹೇಳಬೇಕಾಗಿ ಬಂದರೆ ಅದೇ ನಾಲಿಗೆ ಮಳೆ ಬೆಳೆಯ ಮಾತಿಗೆ ತಿರುಗಿಬಿಡುತ್ತದೆ. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನದೊಂದು ಪುಟ್ಟ ನರ್ಸರಿ ಇದೆ. ವರ್ಷಗಟ್ಟಲೆ ಗಿಡಗಳ ನಡುವೆ ಕೂತು ಕೂತು, ಒಂದು ಎಲೆ ನೋಡಿದರೆ ಗಿಡಕ್ಕೆ ಏನಾಗಿದೆ ಎಂದು ಹೇಳುವಷ್ಟು ವಿದ್ಯೆ ಹತ್ತಿದೆ. ಅದಕ್ಕೆ ದುಡ್ಡು ಕೇಳುವ ವಿದ್ಯೆ ಮಾತ್ರ ಹತ್ತಲೇ ಇಲ್ಲ.

ನರ್ಸರಿಯ ಮೇಲೆ ಹಸಿರು ನೆರಳುಬಲೆ ಕಟ್ಟಿಸಿದ್ದೇನೆ. ಅದರ ಕೆಳಗೆ ಕೂತರೆ ಮಧ್ಯಾಹ್ನ ಹಸಿರು, ನನ್ನ ಕೈ ಹಸಿರು, ಲೋಟದೊಳಗಿನ ಟೀ ಕೂಡ ಹಸಿರು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದು ಇದ್ದೂ ಇಲ್ಲದಂತೆ ಇರುತ್ತದೆ. ಅಂಥ ಹೊತ್ತಿನಲ್ಲಿ ನನಗೆ ಕನಸು ಬೀಳಲು ನಿದ್ದೆ ಬೇಕಿಲ್ಲ. ನಾನೊಂದು ಮೇಜಿನ ಹಿಂದೆ ಕೂತಿದ್ದೇನೆ, ಜನ ಒಂದೊಂದು ಎಲೆ ಹಿಡಿದು ಸಾಲಾಗಿ ನಿಂತಿದ್ದಾರೆ, ಯಾರೂ ಮಾತಾಡುವುದಿಲ್ಲ, ನಾನು ಎಲೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಏನೋ ಹೇಳುತ್ತೇನೆ, ಅವರು ತಲೆಯಾಡಿಸಿ ತಟ್ಟೆಗೆ ತಾವಾಗಿಯೇ ನೋಟು ಹಾಕಿ ಮಂಜಿನಲ್ಲಿ ನಡೆದು ಹೋಗುತ್ತಾರೆ. ಅಷ್ಟರಲ್ಲಿ ನೆತ್ತಿ ಸುಡುತ್ತದೆ. ತಲೆಯೆತ್ತಿದರೆ ಬಲೆ ಹರಿದ ಜಾಗ. ಕಳೆದ ಸಲದ ಗಾಳಿಮಳೆಗೆ ಬಲೆ ಚಿಂದಿಯಾಗಿ, ತೂತಿನ ಕೆಳಗಿದ್ದ ಸಸಿಗಳೆಲ್ಲ ಬಾಡತೊಡಗಿದ್ದವು. ಬೇಸಿಗೆಗೆ ಮುಂಚೆ ಹೊಸ ಬಲೆ ಬರದಿದ್ದರೆ ನರ್ಸರಿಯನ್ನೇ ಮುಚ್ಚಬೇಕಾಗುತ್ತಿತ್ತು. ಸಸಿ ಮಾರಿದ ದುಡ್ಡು ಗೊಬ್ಬರಕ್ಕೇ ಸರಿಹೋಗುತ್ತಿತ್ತು.

"ಡಾಕ್ಟ್ರು ಕೈ ಮುಟ್ಟಿದ್ರೆ ಫೀಸು ಇಸ್ಕತಾರೆ. ನೀನು ಎಲೆ ಮುಟ್ಟಿದ್ರೆ ಐವತ್ತು ಕೇಳಾಕಿಲ್ವಾ?" ಎಂದರು ಯಜಮಾನರು. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳುವ ಅವರಿಗೆ ಇದೆಲ್ಲ ಸುಲಭ. ಕೇಳುವುದು ಯಾವಾಗ ಎಂಬುದೇ ನನ್ನ ಕಷ್ಟ. ನಮ್ಮ ಕಡೆಯವರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವವರಲ್ಲ. ಮೊದಲು ಮಳೆ, ಆಮೇಲೆ ಹೊಲಕ್ಕೆ ಬಂದ ಆನೆ, ಆಮೇಲೆ ಮಗಳ ಗಂಡನ ಮನೆ, ನಡುವೆ ಒಂದು ಟೀ. ಎಲ್ಲ ಮುಗಿದು ಬೈಕು ಸ್ಟಾರ್ಟ್ ಮಾಡಿದ ಮೇಲೆ, ಏನೋ ಮರೆತವರಂತೆ, ಅಂಗಿ ಜೇಬಿನಿಂದ ಮಡಚಿದ ಎಲೆ ತೆಗೆದು "ಅಕ್ಕವ್ರೆ, ಇದೊಂಚೂರು ನೋಡಿ" ಎನ್ನುತ್ತಾರೆ. ಎಂಜಿನ್ ಓಡುತ್ತಿರುವ ಬೈಕಿನ ಮೇಲೆ ಕೂತವರ ಹತ್ತಿರ ಫೀಸು ಕೇಳುವುದು ಹೇಗೆ? ನಾನು ಗಟ್ಟಿಯಾಗಿ ಉತ್ತರ ಹೇಳುತ್ತೇನೆ, ಅವರು ಹೊಗೆ ಬಿಟ್ಟು ಹೋಗುತ್ತಾರೆ. ಕೃತಘ್ನರೆಂದಲ್ಲ. ಮುಂದಿನ ವಾರ ಗೇಟಿನ ಬಳಿ ಒಂದು ಕುಂಬಳಕಾಯಿ ಕೂತಿರುತ್ತದೆ. ಕುಂಬಳಕಾಯಿಯನ್ನು ಬಲೆಯ ತೂತಿಗೆ ಕಟ್ಟಲಾಗುವುದಿಲ್ಲ.

ಇನ್ನೊಂದು ತೊಡಕು ನಮ್ಮಪ್ಪನದು. ಸಂತೆಯಲ್ಲಿ ಎತ್ತು ಕೊಳ್ಳುವವರು ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಹಲ್ಲು ನೋಡಿ, ಬೆನ್ನು ಸವರಿ, ಕೊಳ್ಳಿ ಅಥವಾ ಬೇಡ ಎನ್ನುತ್ತಿದ್ದರು. ಕೂಲಿ ಒಂದು ಲೋಟ ಟೀ. ಯಾಕಪ್ಪ ದುಡ್ಡು ಇಸಿದುಕೊಳ್ಳುವುದಿಲ್ಲ ಎಂದು ಕೇಳಿದರೆ, "ದುಡ್ಡು ಇಸ್ಕಂಡ್ರೆ ಕಣ್ಣು ಮಂಜಾಯ್ತದೆ ಕಣಮ್ಮಿ" ಎನ್ನುತ್ತಿದ್ದರು. ನನಗೀಗ ಕನ್ನಡಕ ಬಂದಿದೆ. ದುಡ್ಡು ಇಸಿದುಕೊಳ್ಳದೆಯೇ ಕಣ್ಣು ಮಂಜಾಗಿದೆಯಲ್ಲ, ಇನ್ನು ಹೆದರಿಕೆ ಯಾಕೆ ಎಂದು ಒಂದು ದಿನ ಧೈರ್ಯ ಮಾಡಿ "ಎಲೆ ನೋಡಿ ಸಲಹೆ ಹೇಳಲು ಐವತ್ತು ರೂಪಾಯಿ" ಎಂದು ಬೋರ್ಡು ಬರೆಸಿ ನೇತುಹಾಕಿದೆ.

ಮೊದಲು ಬಂದವರು ತೆರಕಣಾಂಬಿ ಕಡೆಯ ಗುರುಮಲ್ಲಪ್ಪ. ಬಾಳೆ ತೋಟದವರು, ಮರ್ಯಾದಸ್ಥರು. ಬೋರ್ಡು ಓದಿ, ಬೈಕು ಆಫ್ ಮಾಡಿ, ಐವತ್ತರ ನೋಟನ್ನು ಮೊದಲೇ ಇಟ್ಟು ಹಳದಿಯಾದ ಎಲೆ ಕೊಟ್ಟರು. ನೋಡಿದ ಕೂಡಲೇ ತಿಳಿಯಿತು, ನೀರು ಜಾಸ್ತಿ.

"ಏನೂ ಮಾಡಬೇಡಿ ಗುರುಮಲ್ಲಣ್ಣ. ಒಂದು ವಾರ ನೀರು ಬಿಡದೆ ಸುಮ್ಮನಿರಿ," ಎಂದೆ.

ಅವರು ಸ್ಟೂಲಿನಿಂದ ಏಳಲಿಲ್ಲ. ನೋಟನ್ನು ನೋಡಿದರು, ನನ್ನನ್ನು ನೋಡಿದರು. "ದುಡ್ಡು ಇಸ್ಕಂಡು ಸುಮ್ನಿರು ಅಂತೀರಲ್ಲ ಅಕ್ಕವ್ರೆ. ಸುಮ್ನಿರಾದ್ನ ನಾನು ಬಿಟ್ಟಿಯಾಗೇ ಮಾಡ್ತಿದ್ನಲ್ಲ."

ನನಗೆ ನಾಚಿಕೆಯಾಯಿತು. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ನೋಟು ವಾಪಸು ಕೊಡೋಣವೆಂದರೆ ಹರಿದ ಬಲೆಯಿಂದ ಬಿಸಿಲು ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಒಳಗೆ ಹೋಗಿ ಒಲೆಯ ಬೂದಿಯನ್ನು ಪೊಟ್ಟಣ ಕಟ್ಟಿ ತಂದೆ. "ದಿನಾ ಬುಡಕ್ಕೆ ಒಂದೊಂದು ಚಿಟಿಕೆ ಉದುರಿಸಿ. ಆದರೆ ಒಂದು ವಾರ ನೀರು ತಗಲಬಾರದು. ತಗಲಿದರೆ ಬೂದಿ ಕೆಲಸ ಮಾಡುವುದಿಲ್ಲ," ಎಂದೆ. ಗುರುಮಲ್ಲಪ್ಪನವರ ಮುಖ ಅರಳಿತು. "ಇದು ಮಾತು," ಎಂದು ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ಹೊರಟರು.

ಬಾಳೆ ಚೇತರಿಸಿಕೊಂಡಿತು. ಹೆಸರು ಬಂದದ್ದು ಬೂದಿಗೆ. ಆಮೇಲೆ ಬೋರ್ಡಿನ ಅಗತ್ಯವೇ ಬೀಳಲಿಲ್ಲ. ಪೊಟ್ಟಣ ಕೈಗೆ ಬಂದ ಕೂಡಲೇ ಜನರ ಇನ್ನೊಂದು ಕೈ ತಾನಾಗಿ ಜೇಬಿಗೆ ಹೋಗಿ, "ಎಷ್ಟಾಯ್ತಕ್ಕ?" ಎಂದು ಅವರೇ ಕೇಳುತ್ತಿದ್ದರು. ಕನಸಿನಲ್ಲಿ ಕಂಡ ಸಾಲು ಎದುರಿಗೇ ನಿಂತಿತು, ಮಂಜೊಂದು ಇರಲಿಲ್ಲ. ಬೇಸಿಗೆಗೆ ಮುಂಚೆಯೇ ಹೊಸ ಬಲೆ ಬಂತು. ಅದರ ಕೆಳಗೆ ಕೂತು ನಮ್ಮ ಜನ ಎಷ್ಟು ಮುಗ್ಧರು, ಸರಿಯಾದ ಮಾತಿಗೆ ಬೆಲೆ ಕಟ್ಟಲು ಬಾರದವರು ಎಂದು ಮರುಗುತ್ತ ಟೀ ಕುಡಿಯುತ್ತಿದ್ದೆ.

ಹೀಗೆ ಕೂತೇ ಇದ್ದದ್ದಕ್ಕೋ ಏನೋ ಮಂಡಿ ಹಿಡಿದುಕೊಂಡಿತು. ಚಾಮರಾಜನಗರಕ್ಕೆ ಹೋಗಿ, ಫೀಸು ಕಟ್ಟಿ, ಡಾಕ್ಟರ ಮುಂದೆ ಕೂತೆ. ಅವರು ಮಂಡಿ ಮಡಚಿ ಬಿಡಿಸಿ ನೋಡಿ, "ಏನೂ ತೊಂದರೆ ಇಲ್ಲಮ್ಮ. ಔಷಧಿ ಬೇಡ. ಕೂತಲ್ಲೇ ಕೂರಬೇಡಿ, ದಿನಾ ಬೆಳಿಗ್ಗೆ ನಡೀರಿ," ಎಂದರು.

ನಾನು ಕುರ್ಚಿಯಿಂದ ಏಳಲಿಲ್ಲ. "ಅಷ್ಟೇನಾ ಸಾರ್? ನುಂಗೋಕೆ, ಹಚ್ಚೋಕೆ ಏನೂ ಇಲ್ವಾ? ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದಿದ್ದೀನಿ."

ಡಾಕ್ಟರು ಮುಚ್ಚಿಟ್ಟಿದ್ದ ಪೆನ್ನನ್ನು ಮತ್ತೆ ತೆರೆದರು. ಆಮೇಲೆ ಚೀಟಿಯಲ್ಲಿ ಒಂದು ಮಾತ್ರೆ ಬರೆದರು. "ದಿನಕ್ಕೊಂದು. ಆದರೆ ಅರ್ಧ ಗಂಟೆ ನಡೆದು ಬಂದ ಮೇಲೇ ನುಂಗಬೇಕು. ನಡೆಯದೆ ನುಂಗಿದರೆ ಕೆಲಸ ಮಾಡಲ್ಲ," ಎಂದರು. ನನ್ನ ಮುಖ ಅರಳಿತು.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅರೆಗಣ್ಣು ಮುಚ್ಚಿದ್ದೆ. ಆಚೆ ಹೊಲಗಳು ತೇಲಿಹೋಗುತ್ತಿದ್ದವು. ತೊಡೆಯ ಮೇಲಿದ್ದ ಮಾತ್ರೆಯ ಪೊಟ್ಟಣವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ, ಎಲ್ಲೋ ನಡುದಾರಿಯಲ್ಲಿ, ಅದರೊಳಗೆ ಇರುವುದೇನೆಂದು ಥಟ್ಟನೆ ಹೊಳೆಯಿತು. ಒಬ್ಬಳೇ ನಕ್ಕೆ. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ಈಗ ಮಂಡಿನೋವು ಹೋಗಿದೆ. ನಿನ್ನೆ ತುಂತುರು ಮಳೆ, ನಡೆಯಲಾಗಲಿಲ್ಲ. ಆದ್ದರಿಂದ ಮಾತ್ರೆಯನ್ನೂ ನುಂಗಲಿಲ್ಲ, ಸುಮ್ಮನೆ ದಂಡವಾಗುತ್ತದಲ್ಲ. ಯಾರಾದರೂ ಕುಂಟುತ್ತ ನರ್ಸರಿಗೆ ಬಂದರೆ ಆ ಮಾತ್ರೆಯ ಹೆಸರು ಹೇಳಿ ಕಳಿಸುತ್ತೇನೆ. ಅದಕ್ಕೆ ಮಾತ್ರ ಫೀಸು ತೆಗೆದುಕೊಳ್ಳುವುದಿಲ್ಲ.